ಹನ್ನೊಂದು ನಿಮಿಷವನ್ನು ಕೇಳುವ ಬಗೆ: ನನ್ನ ಮೆಚ್ಚಿನ ಡ್ರಮ್ ಕೋರ್ ಪ್ರದರ್ಶನಗಳು

2008ರ ಆಗಸ್ಟ್ ತಿಂಗಳ ಒಂದು ರಾತ್ರಿ, ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಪಟ್ಟಣದಲ್ಲಿ, ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಕಲ್ಲುಮೆಟ್ಟಿಲಿನ ಮೇಲೆ ಕುಳಿತು ನಾನು ಅಂಕಗಳ ಘೋಷಣೆಗೆ ಕಾಯುತ್ತಿದ್ದೆ. ಹಿತ್ತಾಳೆ ವಾದ್ಯ ಮತ್ತು ಡ್ರಮ್ ನುಡಿಸುತ್ತಾ ಮೈದಾನದಲ್ಲಿ ನಡೆಯುವ ಯುವಕರ ಮೇಳಗಳಿಗೆ ಸ್ಪರ್ಧೆ ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆಯ ಆ ವರ್ಷದ ಅಂತಿಮ ಸ್ಪರ್ಧೆ ಇಂಡಿಯಾನಾಪೊಲಿಸ್‌ನ ಹೊಸ ಕ್ರೀಡಾಂಗಣದಲ್ಲಿ ನಡೆಯಬೇಕಿತ್ತು. ಕಟ್ಟಡದ ಕೆಲಸ ಮುಗಿಯದ ಕಾರಣ ನಾನು ಓದುತ್ತಿದ್ದ ಊರಿಗೇ ಅದು ಬಂದಿತ್ತು. ಅಂತಿಮ ಸುತ್ತಿಗೆ ಬಂದ ಹನ್ನೆರಡು ತಂಡಗಳ ಅಂಕಗಳನ್ನು ಅಲ್ಲಿ ಕೊನೆಯ ಸ್ಥಾನದಿಂದ ಮೇಲಕ್ಕೆ ಓದುವುದು ವಾಡಿಕೆ. ಎರಡನೆಯ ಸ್ಥಾನದ ಸರದಿ ಬಂದು, ‘ಬ್ಲೂ ಡೆವಿಲ್ಸ್, 98.100’ ಎಂದು ಧ್ವನಿವರ್ಧಕ ಹೇಳಿದ ಕೂಡಲೇ, ಗೆದ್ದವರ ಹೆಸರನ್ನು ಓದುವ ಮೊದಲೇ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಇಲಿನಾಯ್ ರಾಜ್ಯದ ರಾಕ್‌ಫರ್ಡ್ ನಗರದ ಫ್ಯಾಂಟಮ್ ರೆಜಿಮೆಂಟ್ 98.125 ಅಂಕ ಪಡೆದು ಗೆದ್ದಿತ್ತು. ನೂರಕ್ಕೆ 0.025 ಅಂಕಗಳ ಅಂತರ.

ನನ್ನನ್ನು ಅಲ್ಲಿಗೆ ಕರೆದೊಯ್ದವನು ಪ್ರಯೋಗಾಲಯದ ಸಹಪಾಠಿ. ಹಿಂದೆ ಇಂಥದೇ ಒಂದು ತಂಡದಲ್ಲಿ ಬಾಸ್ ಡ್ರಮ್ ಬಾರಿಸಿದ್ದವನು. ಆ ರಾತ್ರಿ ನನಗೆ ರೋಮಾಂಚನವಾಗಿದ್ದು ನಿಜ, ಆದರೆ ಅರ್ಥವಾದದ್ದು ಕಡಿಮೆ. ಮುಂದಿನ ವರ್ಷಗಳಲ್ಲಿ ಅವನ ಜೊತೆ ಕುಳಿತು ಹಳೆಯ ಪ್ರದರ್ಶನಗಳ ಮುದ್ರಿಕೆಗಳನ್ನು ನೋಡುತ್ತಾ, ಪ್ರತಿ ಬೇಸಿಗೆಯಲ್ಲೂ ಒಂದೆರಡು ಸ್ಪರ್ಧೆಗಳಿಗೆ ಹೋಗುತ್ತಾ ನನಗೆ ಮನದಟ್ಟಾದದ್ದೇನೆಂದರೆ, ಈ ಕಲೆಯಲ್ಲಿ ಯಾವ ಪ್ರದರ್ಶನ ಏಕೆ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಅದು ಬಿಡಿಸಿದ ತೊಡಕು ಯಾವುದು ಎಂದು ತಿಳಿದ ಮೇಲೆಯೇ ಗೊತ್ತಾಗುತ್ತದೆ. ಆ ತೊಡಕುಗಳನ್ನು, ಅವುಗಳನ್ನು ಬಿಡಿಸಿದ ನನ್ನ ಮೆಚ್ಚಿನ ಪ್ರದರ್ಶನಗಳ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಡ್ರಮ್ ಕೋರ್ ಎಂದರೇನು ಎಂಬುದು. ಮೈಸೂರು ದಸರೆಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಪೊಲೀಸ್ ಬ್ಯಾಂಡ್ ಸಾಲಾಗಿ ನಡೆದು ಬರುವುದನ್ನು ನೋಡಿದವರಿಗೆ ಅದರ ಬೇರು ಅಪರಿಚಿತವಲ್ಲ, ಏಕೆಂದರೆ ಎರಡೂ ಹುಟ್ಟಿದ್ದು ಸೈನ್ಯದ ನಗಾರಿ ಮತ್ತು ಕಹಳೆಯಿಂದ. ಮೊದಲ ಮಹಾಯುದ್ಧದ ನಂತರ ಅಮೆರಿಕದ ನಿವೃತ್ತ ಯೋಧರ ಸಂಘಗಳು, ಚರ್ಚುಗಳು, ಸ್ಕೌಟ್ ದಳಗಳು ತಮ್ಮ ಊರಿನ ಮಕ್ಕಳನ್ನು ಕೂಡಿಸಿ ಬ್ಯೂಗಲ್ ಮತ್ತು ಡ್ರಮ್‌ಗಳ ತಂಡಗಳನ್ನು ಕಟ್ಟಿದವು. ನ್ಯೂಜೆರ್ಸಿಯ ಗಾರ್ಫೀಲ್ಡ್ ಪಟ್ಟಣದ ಕೆಡೆಟ್ಸ್ ತಂಡ 1934ರಲ್ಲಿ ಹಾಗೆ ಚರ್ಚೊಂದರ ಆಶ್ರಯದಲ್ಲಿ ಆರಂಭವಾದದ್ದು. ದಶಕಗಳ ಕಾಲ ಸ್ಪರ್ಧೆಯ ನಿಯಮಗಳೆಲ್ಲ ಯೋಧರ ಸಂಘಗಳ ಕೈಯಲ್ಲಿದ್ದವು. 1970ರ ದಶಕದ ಆರಂಭದಲ್ಲಿ ಪ್ರಮುಖ ತಂಡಗಳ ನಿರ್ದೇಶಕರು ಒಟ್ಟಾಗಿ ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿಕೊಂಡರು. ಆ ಸಂಸ್ಥೆಯ ಮೊದಲ ಚಾಂಪಿಯನ್‌ಷಿಪ್ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ನಡೆದು, ಕ್ಯಾಲಿಫೋರ್ನಿಯಾದ ಅನಾಹೈಮ್ ಕಿಂಗ್ಸ್‌ಮೆನ್ ತಂಡ ಗೆದ್ದಿತು.

ಇಂದಿನ ತಂಡದಲ್ಲಿ ನೂರೈವತ್ತಕ್ಕೂ ಹೆಚ್ಚು ಯುವಕ ಯುವತಿಯರಿರುತ್ತಾರೆ. ಬಹುಕಾಲ ಈ ಮಿತಿ 128 ಇತ್ತು. ಬೇಸಿಗೆಯ ಆರಂಭಕ್ಕೆ ಯಾರಿಗೂ ಇಪ್ಪತ್ತೊಂದು ಮೀರಿರುವುದಿಲ್ಲ. ಹಿತ್ತಾಳೆಯ ಊದುವ ವಾದ್ಯಗಳು, ಹೆಗಲಿಗೆ ಕಟ್ಟಿಕೊಂಡು ಓಡಾಡುವ ಡ್ರಮ್‌ಗಳು, ಮೈದಾನದ ಮುಂಚೂಣಿಯಲ್ಲಿ ನಿಲ್ಲಿಸಿದ ಮರಿಂಬಾದಂಥ ತಾಳವಾದ್ಯಗಳು, ಬಾವುಟ, ಮರದ ಬಂದೂಕು ಮತ್ತು ಕತ್ತಿಗಳನ್ನು ಎಸೆದು ಹಿಡಿಯುವ ಕಲರ್ ಗಾರ್ಡ್, ಇವು ಅದರ ಮುಖ್ಯ ಅಂಗಗಳು. ಕೊಳಲು, ಕ್ಲಾರಿನೆಟ್, ಸ್ಯಾಕ್ಸಫೋನ್ ಇವಕ್ಕೆ ಪ್ರವೇಶವಿಲ್ಲ. ಇಡೀ ಬೇಸಿಗೆ ಶಾಲೆಗಳ ವ್ಯಾಯಾಮಶಾಲೆಯ ನೆಲದ ಮೇಲೆ ಮಲಗಿ, ಬಸ್ಸಿನಲ್ಲಿ ಊರೂರು ಸುತ್ತಿ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಬಿಸಿಲಿನಲ್ಲಿ ತಾಲೀಮು ಮಾಡಿ ಅವರು ಸಿದ್ಧಪಡಿಸುವುದು ಸುಮಾರು ಹನ್ನೊಂದು ನಿಮಿಷದ ಒಂದೇ ಒಂದು ಪ್ರದರ್ಶನವನ್ನು. ನಮ್ಮ ಮೇಳಗಳ ತಿರುಗಾಟವನ್ನು ಬಲ್ಲವರಿಗೆ ಈ ಜೀವನದ ಲಯ ಥಟ್ಟನೆ ಅರ್ಥವಾದೀತು. ವ್ಯತ್ಯಾಸವೆಂದರೆ ಇಲ್ಲಿ ಕಲಾವಿದರಿಗೆ ಸಂಬಳವಿಲ್ಲ, ಅವರೇ ಶುಲ್ಕ ಕಟ್ಟಿ ಸೇರುತ್ತಾರೆ.

ಈಗ ಮೊದಲನೆಯ ತೊಡಕು. ಅಮೆರಿಕನ್ ಫುಟ್‌ಬಾಲ್ ಮೈದಾನದ ಅಗಲ ಸುಮಾರು 49 ಮೀಟರ್. ಎರಡು ಗೋಲು ಗೆರೆಗಳ ನಡುವಿನ ಉದ್ದ 91 ಮೀಟರ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಚಲಿಸುತ್ತದೆ. ಹಾಗಾದರೆ ಮೈದಾನದ ಹಿಂಬದಿಯಲ್ಲಿ ನಿಂತು ಊದಿದ ಸ್ವರ ಮುಂಬದಿಯ ಅಂಚನ್ನು ತಲುಪಲು 0.14 ಸೆಕೆಂಡ್ ಬೇಕು. ಇದು ಅಲ್ಪವೆಂದು ತೋರಬಹುದು. ಆದರೆ ನಿಮಿಷಕ್ಕೆ 180 ತಾಳದ ವೇಗದಲ್ಲಿ ಎರಡು ಪೆಟ್ಟುಗಳ ನಡುವಿನ ಕಾಲ 0.33 ಸೆಕೆಂಡ್ ಮಾತ್ರ, ಅಂದರೆ ಹಿಂದಿನವರು ಮತ್ತು ಮುಂದಿನವರು ಒಂದೇ ಕ್ಷಣದಲ್ಲಿ ನುಡಿಸಿದರೂ ಪ್ರೇಕ್ಷಕರ ಕಿವಿಗೆ ಅವರಿಬ್ಬರ ನಡುವೆ ಅರ್ಧ ತಾಳಕ್ಕೆ ಸಮೀಪದ ಬಿರುಕು ಕೇಳಿಸುತ್ತದೆ. ಸಭಾಂಗಣದ ವೇದಿಕೆಯ ಮೇಲೆ ‘ಪಕ್ಕದವರನ್ನು ಕೇಳಿಸಿಕೊಂಡು ನುಡಿಸಿ’ ಎಂಬುದು ಒಳ್ಳೆಯ ಉಪದೇಶ; ಮೈದಾನದಲ್ಲಿ ಅದನ್ನು ಪಾಲಿಸಿದರೆ ಇಡೀ ಮೇಳ ಚೂರುಚೂರಾಗುತ್ತದೆ.

ಇದಕ್ಕೆ ಅವರು ಕಂಡುಕೊಂಡ ಪರಿಹಾರ ನನಗೆ ಈ ಕಲೆಯ ಅತ್ಯಂತ ಚೆಲುವಾದ ಸಂಗತಿಗಳಲ್ಲಿ ಒಂದು. ಹೆಗಲಿಗೆ ಡ್ರಮ್ ಕಟ್ಟಿದವರು ಸಾಮಾನ್ಯವಾಗಿ ಮೈದಾನದ ಹಿಂಬದಿಯ ಮಧ್ಯದಲ್ಲಿ ಇದ್ದು, ಎತ್ತರದ ಅಟ್ಟದ ಮೇಲೆ ನಿಂತು ಕೈಬೀಸಿ ತಾಳ ತೋರಿಸುವ ಡ್ರಮ್ ಮೇಜರ್‌ನ ಕೈಗಳನ್ನೇ ನೋಡುತ್ತಾ ಬಾರಿಸುತ್ತಾರೆ. ಅವರ ಮುಂದಿರುವವರು, ಅದರಲ್ಲೂ ಮುಂಚೂಣಿಯ ಮರಿಂಬಾ ವಾದಕರು, ಡ್ರಮ್ ಮೇಜರ್‌ನನ್ನು ನಂಬದೆ ತಮ್ಮ ಬೆನ್ನ ಹಿಂದಿನಿಂದ ಬರುವ ಡ್ರಮ್ಮಿನ ಸದ್ದಿಗೆ ಕಿವಿಗೊಟ್ಟು ನುಡಿಸುತ್ತಾರೆ. ಹಿಂದಿನಿಂದ ಹೊರಟ ಸದ್ದು ಅವರನ್ನು ದಾಟುವ ಗಳಿಗೆಯಲ್ಲೇ ಅವರ ಸ್ವರವೂ ಸೇರಿಕೊಂಡರೆ ಎರಡೂ ಜೊತೆಯಾಗಿ ಪ್ರೇಕ್ಷಕರತ್ತ ಸಾಗುತ್ತವೆ. ಅಂದರೆ ಮೈದಾನದ ಮೇಲಿರುವ ಯಾರೊಬ್ಬರ ಕಿವಿಗೂ ಆ ಸಂಗೀತ ಸರಿಯಾಗಿ ಕೂಡಿದಂತೆ ಕೇಳಿಸುವುದಿಲ್ಲ. ಅದು ಕೂಡುವುದು ಎದುರಿನ ಮೆಟ್ಟಿಲುಗಳ ಮೇಲೆ ಕುಳಿತ ನಮ್ಮಲ್ಲಿ. ಕಣ್ಣು ಒಂದು ಕಾಲವನ್ನು, ಕಿವಿ ಇನ್ನೊಂದು ಕಾಲವನ್ನು ಹೇಳುತ್ತಿರುವಾಗ ಯಾವುದನ್ನು ಯಾವಾಗ ನಂಬಬೇಕೆಂದು ಹದಿನೆಂಟರ ಹುಡುಗಿಯೊಬ್ಬಳು ಓಡುತ್ತಲೇ ನಿರ್ಧರಿಸುತ್ತಿರುತ್ತಾಳೆ.

ಓಡುವುದು ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಬಳಸಲಿಲ್ಲ. ನಡಿಗೆಯ ಮೂಲ ಅಳತೆ ಐದು ಗಜಕ್ಕೆ ಎಂಟು ಹೆಜ್ಜೆ, ಅಂದರೆ ಹೆಜ್ಜೆಗೆ ಸುಮಾರು 57 ಸೆಂಟಿಮೀಟರ್. ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಪಾದವನ್ನು ಉರುಳಿಸುತ್ತಾ ನಡೆದರೆ ಸೊಂಟದ ಮೇಲಿನ ದೇಹ ಅಲುಗುವುದಿಲ್ಲ, ತುಟಿಯ ಮೇಲಿನ ವಾದ್ಯವೂ ನಡುಗುವುದಿಲ್ಲ. ಹಿಂದಕ್ಕೆ ನಡೆಯುವಾಗ ಪಾದದ ಮುಂಭಾಗದ ಮೇಲೆಯೇ ಸಾಗಬೇಕು. ತುಂಬಿದ ಕೊಡ ಹೊತ್ತು ನಡೆಯುವವರ ಜಾಣ್ಮೆಯೇ ಇದು. ಪ್ರತಿಯೊಬ್ಬರಿಗೂ ಯಾವ ಪೆಟ್ಟಿನಲ್ಲಿ ಯಾವ ಗೆರೆಯಿಂದ ಎಷ್ಟು ಹೆಜ್ಜೆ ದೂರದಲ್ಲಿ ಇರಬೇಕೆಂದು ಬರೆದ ಚಿಕ್ಕ ಪುಸ್ತಕವಿರುತ್ತದೆ. ಮೊದಮೊದಲು ಈ ನಕ್ಷೆಗಳು ಮೈದಾನದ ನಡುಗೆರೆಯ ಎರಡೂ ಬದಿಗೆ ಕನ್ನಡಿಯ ಬಿಂಬದಂತೆ ಸಮನಾಗಿರುತ್ತಿದ್ದವು. ಎಡಕ್ಕೆ ಒಂದು ಸಾಲು ಹೋದರೆ ಬಲಕ್ಕೂ ಒಂದು ಸಾಲು.

ಅದನ್ನು ಒಡೆದದ್ದು ಗಾರ್ಫೀಲ್ಡ್ ಕೆಡೆಟ್ಸ್. ಜಾರ್ಜ್ ಜಿಂಗಾಲಿ ಎಂಬ ವಿನ್ಯಾಸಕಾರ ಅವರಿಗಾಗಿ ರಚಿಸಿದ ನಕ್ಷೆಗಳಲ್ಲಿ ಆಕೃತಿಗಳು ನಿಂತು ಬದಲಾಗುವುದಿಲ್ಲ, ಬದಲಾಗುತ್ತಲೇ ಸಾಗುತ್ತವೆ. ಬಾಗಿದ ಸಾಲೊಂದು ಹಿಗ್ಗುತ್ತದೆ, ಮಡಚಿಕೊಳ್ಳುತ್ತದೆ, ಒಂದು ತುದಿಯಿಂದ ಎಳೆದ ದಾರದಂತೆ ಇನ್ನೊಂದು ಆಕಾರದೊಳಕ್ಕೆ ಜಾರಿಹೋಗುತ್ತದೆ. ಅಂಥ ಒಂದು ಚಲನೆಗೆ ಅಭಿಮಾನಿಗಳು ಇಂದಿಗೂ ‘ಝೀ-ಪುಲ್’ ಎನ್ನುತ್ತಾರೆ. 1983, 1984, 1985 ಹೀಗೆ ಸತತ ಮೂರು ವರ್ಷ ಈ ತಂಡ ಗೆದ್ದಿತು. ಅಲ್ಲಿಯವರೆಗೆ ಯಾರೂ ಮೂರು ಬಾರಿ ಸತತವಾಗಿ ಗೆದ್ದಿರಲಿಲ್ಲ. 1984ರಲ್ಲಿ ಅವರು ಆರಿಸಿಕೊಂಡದ್ದು ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರ ‘ವೆಸ್ಟ್ ಸೈಡ್ ಸ್ಟೋರಿ’ಯ ಸಂಗೀತ. ನಾನು ಅದನ್ನು ಮಸುಕಾದ ಮುದ್ರಿಕೆಯಲ್ಲಿ ನೋಡಿದವನು. ಚಿತ್ರ ಅಸ್ಪಷ್ಟವಾಗಿದ್ದರೂ, ಹಿತ್ತಾಳೆಯವರೆಲ್ಲ ಬೇರೆ ಬೇರೆ ದಿಕ್ಕಿಗೆ ಓಡುತ್ತಿರುವಾಗ ಸಂಗೀತ ಮಾತ್ರ ಕದಲದೆ ನಿಂತಿರುವುದು ಕಿವಿಗೆ ಸ್ಪಷ್ಟವಾಗಿತ್ತು. ಶಬ್ದದ ವೇಗದ ಲೆಕ್ಕ ಗೊತ್ತಾದ ಮೇಲೆ ಆ ಮುದ್ರಿಕೆಯನ್ನು ಮತ್ತೆ ಹಾಕಿಕೊಂಡು ನೋಡಿದೆ. ಪ್ರತಿ ಹೆಜ್ಜೆಗೂ ಪ್ರತಿಯೊಬ್ಬ ವಾದಕನ ವಿಳಂಬ ಬದಲಾಗುತ್ತಿದೆ, ಪ್ರತಿ ಹೆಜ್ಜೆಗೂ ಅವನು ಅದನ್ನು ಸರಿದೂಗಿಸುತ್ತಿದ್ದಾನೆ ಎಂಬುದು ಆಗ ಹೊಳೆದು, ಮೊದಲ ಬಾರಿಗಿಂತ ಎರಡನೆಯ ಬಾರಿ ಹೆಚ್ಚು ಬೆರಗಾಯಿತು.

ಈ ಸಾಹಸ ಸಾಧ್ಯವಾದದ್ದರ ಹಿಂದೆ ಅಂಕ ಕೊಡುವ ಪದ್ಧತಿಯ ಬದಲಾವಣೆಯೂ ಇದೆ. ಹಳೆಯ ಕಾಲದಲ್ಲಿ ತೀರ್ಪುಗಾರರು ಹಲಗೆ ಹಿಡಿದು ಮೈದಾನದೊಳಗೆ ತಂಡದ ನಡುವೆಯೇ ಓಡಾಡುತ್ತಾ, ಕಂಡ ಪ್ರತಿಯೊಂದು ತಪ್ಪಿಗೂ ಒಂದು ಗೀಟು ಹಾಕುತ್ತಿದ್ದರು. ಒಂದು ಗೀಟಿಗೆ ಅಂಕದ ಹತ್ತನೇ ಒಂದು ಭಾಗ ಕಡಿತ. ಅದನ್ನು ‘ಟಿಕ್’ ಎನ್ನುತ್ತಿದ್ದರು. ತಪ್ಪನ್ನು ಮಾತ್ರ ಎಣಿಸುವ ಪದ್ಧತಿಯಲ್ಲಿ ಕಷ್ಟದ್ದನ್ನು ಪ್ರಯತ್ನಿಸುವುದೇ ದಡ್ಡತನವಾಗುತ್ತದೆ. ಸುಲಭವಾದುದನ್ನು ತಪ್ಪಿಲ್ಲದೆ ಮಾಡಿದವನೇ ಜಾಣ. 1980ರ ದಶಕದ ಮೊದಲರ್ಧದಲ್ಲಿ ಟಿಕ್ ಪದ್ಧತಿ ಕೊನೆಗೊಂಡು, ಏನನ್ನು ಸಾಧಿಸಿದರು, ಎಷ್ಟು ಚೆನ್ನಾಗಿ ಸಾಧಿಸಿದರು ಎಂದು ಅಂಕವನ್ನು ಕೆಳಗಿನಿಂದ ಕಟ್ಟುವ ಪದ್ಧತಿ ಬಂತು. ಈಗಿನ ನೂರು ಅಂಕಗಳಲ್ಲಿ ಒಟ್ಟಾರೆ ಪರಿಣಾಮಕ್ಕೆ 40, ಸಂಗೀತಕ್ಕೆ 30, ದೃಶ್ಯಕ್ಕೆ 30. ಹಲವು ತೀರ್ಪುಗಾರರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವುದರಿಂದಲೇ 0.025ರಂಥ ನುಣುಪಾದ ಅಂತರಗಳು ಹುಟ್ಟುತ್ತವೆ.

ಇನ್ನು ವಾದ್ಯದ ಮಾತು. ಗುಂಡಿಯಿಲ್ಲದ ಬ್ಯೂಗಲ್ ತುಟಿಯ ಬಿಗಿತ ಒಂದರಿಂದಲೇ ಸ್ವರ ಬದಲಿಸುವ ವಾದ್ಯ. ಅದರಿಂದ ಹೊರಡುವುದು ಸ್ವಾಭಾವಿಕ ಸ್ವರಶ್ರೇಣಿ ಮಾತ್ರ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಪಂಚಮ, ಮೇಲಿನ ಷಡ್ಜ, ಅಂತರ ಗಾಂಧಾರ, ಮತ್ತೆ ಪಂಚಮ, ಹೀಗೆ. ರಿಷಭ, ಮಧ್ಯಮ, ಧೈವತಗಳು ಕೆಳಗಿನ ಸ್ಥಾಯಿಯಲ್ಲಿ ಸಿಗುವುದೇ ಇಲ್ಲ. ಬೆಳಗಿನ ಧ್ವಜವಂದನೆಯ ಕಹಳೆಯಲ್ಲಿ ನಾವೆಲ್ಲ ಕೇಳಿದ ಸ್ವರಗಳು ಇವೇ. ಈ ಬಡತನದಿಂದ ಹೊರಬರಲು ಡ್ರಮ್ ಕೋರ್‌ಗಳು ಬ್ಯೂಗಲ್‌ಗೆ ಒಂದೊಂದಾಗಿ ಗುಂಡಿಗಳನ್ನು ಸೇರಿಸಿಕೊಂಡವು, ಮತ್ತು ಪ್ರತಿ ಸೇರ್ಪಡೆಯೂ ನಿಯಮಗಳ ಹೋರಾಟವಾಗಿತ್ತು: 1977ರಲ್ಲಿ ಎರಡು ಗುಂಡಿಗಳು, 1990ರಲ್ಲಿ ಮೂರು, 2000ದಲ್ಲಿ ಯಾವ ಶ್ರುತಿಯ ಹಿತ್ತಾಳೆಗೂ ಅನುಮತಿ. ಎರಡು ಗುಂಡಿಯ ಕಾಲದ ‘ಜಿ’ ಶ್ರುತಿಯ ಬ್ಯೂಗಲ್‌ಗಳು ಶ್ರುತಿಯಲ್ಲಿ ಇಂದಿನವುಗಳಷ್ಟು ನಿಖರವಲ್ಲ. ಆದರೆ ಅವುಗಳ ಸದ್ದಿನಲ್ಲಿ ಒಂದು ಒರಟು ಹೊಳಪಿದೆ, ಅದನ್ನು ನಾನು ಇಂದಿನ ಮೇಳಗಳಲ್ಲಿ ಹುಡುಕುತ್ತಲೇ ಇದ್ದೇನೆ.

ಆ ಹೊಳಪನ್ನು ಕೇಳಬೇಕೆಂದವರು ಮ್ಯಾಡಿಸನ್ ಸ್ಕೌಟ್ಸ್ ತಂಡದ 1988ರ ಪ್ರದರ್ಶನಕ್ಕೆ ಹೋಗಬೇಕು. ಕ್ಯಾನ್ಸಸ್ ಸಿಟಿಯಲ್ಲಿ ಆ ವರ್ಷ ಅವರು ಅರ್ನೆಸ್ಟೊ ಲೆಕುವೊನಾ ಅವರ ‘ಮಲಗೇನ್ಯ’ವನ್ನು ನುಡಿಸಿ ಚಾಂಪಿಯನ್ನರಾದರು. ಅಂದು ಎರಡನೆಯವರಾದ ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ಅದರೊಂದಿಗೆ ಸತತ ನಾಲ್ಕು ವರ್ಷ ಎರಡನೆಯ ಸ್ಥಾನದಲ್ಲೇ ನಿಂತಂತಾಯಿತು. ಮರುವರ್ಷ ‘ಫ್ಯಾಂಟಮ್ ಆಫ್ ದಿ ಆಪರಾ’ದ ಸಂಗೀತದೊಂದಿಗೆ ಅವರು ಗೆದ್ದರು. ಮ್ಯಾಡಿಸನ್ನಿನ ವಿಶೇಷವೆಂದರೆ ಅವರು ಸದ್ದಿನ ರಾಶಿಯನ್ನು ನಿರ್ಭಯವಾಗಿ, ನೇರವಾಗಿ ನಮ್ಮ ಮುಖಕ್ಕೆ ತರುತ್ತಿದ್ದರು. ಇದಕ್ಕೆ ಡ್ರಮ್ ಕೋರ್‌ನಲ್ಲಿ ಹಳೆಯದೊಂದು ಉಪಾಯವಿದೆ: ‘ಕಂಪನಿ ಫ್ರಂಟ್’. ಹಿತ್ತಾಳೆಯವರೆಲ್ಲ ಮೈದಾನದ ಉದ್ದಕ್ಕೂ ಒಂದೇ ನೇರ ಗೆರೆಯಾಗಿ ನಿಂತು, ಊದುತ್ತಾ, ಪ್ರೇಕ್ಷಕರತ್ತ ಮುನ್ನಡೆಯುತ್ತಾರೆ. ನೋಡಲು ಇದಕ್ಕಿಂತ ಸರಳವಾದದ್ದು ಇಲ್ಲ. ಆದರೆ ಗೆರೆ ಡೊಂಕಾದರೆ ಮಗುವಿಗೂ ಕಾಣುತ್ತದೆ, ಮತ್ತು ಗೆರೆಯ ಎರಡು ತುದಿಗಳ ನಡುವಿನ ದೂರ ಅರವತ್ತು ಎಪ್ಪತ್ತು ಮೀಟರ್ ಆದಾಗ ಒಬ್ಬ ತುದಿಯವನಿಗೆ ಇನ್ನೊಂದು ತುದಿಯ ಸ್ವರ 0.2 ಸೆಕೆಂಡ್ ತಡವಾಗಿ ಕೇಳಿಸುತ್ತಿರುತ್ತದೆ. ಕಿವಿಯನ್ನು ಪೂರ್ತಿ ಮುಚ್ಚಿಕೊಂಡಂತೆ, ಕಣ್ಣು ಮತ್ತು ಕಾಲನ್ನು ಮಾತ್ರ ನಂಬಿ ಬರಬೇಕು. ಅವರು ಸರಿಯಾಗಿ ಬಂದಾಗ ಸದ್ದು ಎದೆಯ ಮೇಲೆ ಅಂಗೈ ಇಟ್ಟು ತಳ್ಳಿದಂತೆ ತಾಗುತ್ತದೆ.

ಮುದ್ರಿಕೆಯಲ್ಲಿ ನಾನು ಅತಿ ಹೆಚ್ಚು ಬಾರಿ ನೋಡಿದ ಪ್ರದರ್ಶನ ಮಾತ್ರ ಗೆದ್ದದ್ದಲ್ಲ. ಸ್ಟಾರ್ ಆಫ್ ಇಂಡಿಯಾನಾ ತಂಡವನ್ನು ಬ್ಲೂಮಿಂಗ್ಟನ್‌ನ ಉದ್ಯಮಿ ಬಿಲ್ ಕುಕ್ ಕಟ್ಟಿದರು. 1985ರಲ್ಲಿ ಮೊದಲ ಬಾರಿ ಮೈದಾನಕ್ಕಿಳಿದು ಆ ವರ್ಷವೇ ಮೊದಲ ಹತ್ತರಲ್ಲಿ ಸ್ಥಾನ ಪಡೆದ ಈ ತಂಡ 1991ರಲ್ಲಿ ಚಾಂಪಿಯನ್ ಆಯಿತು. 1993ರಲ್ಲಿ ಅವರು ಆರಿಸಿಕೊಂಡದ್ದು ಸ್ಯಾಮುಯೆಲ್ ಬಾರ್ಬರ್ ಮತ್ತು ಬೆಲಾ ಬಾರ್ಟೋಕ್ ಅವರ ಸಂಗೀತ. ವಸ್ತು ಗ್ರೀಕ್ ಪುರಾಣದ ಮೀಡಿಯಾ, ಗಂಡನ ದ್ರೋಹಕ್ಕೆ ತನ್ನ ಮಕ್ಕಳನ್ನೇ ಕೊಂದು ಸೇಡು ತೀರಿಸಿಕೊಂಡ ಹೆಣ್ಣು. ಶಿಳ್ಳೆ ಚಪ್ಪಾಳೆಗೆಂದೇ ಹೆಣೆದ ತಿರುವುಗಳನ್ನು ನಿರೀಕ್ಷಿಸಿ ಬಂದ ಪ್ರೇಕ್ಷಕರ ಮುಂದೆ ಅವರು ಕಟು ಸ್ವರಗಳನ್ನು, ದೀರ್ಘ ಮೌನಗಳನ್ನು, ನೃತ್ಯದಂತೆ ಬಾಗುವ ದೇಹಗಳನ್ನು ಇಟ್ಟರು. ಜನ ಎರಡು ಪಾಲಾದರು. ಮಿಸಿಸಿಪ್ಪಿಯ ಜಾಕ್ಸನ್ ನಗರದ ಅಂತಿಮ ಸ್ಪರ್ಧೆಯಲ್ಲಿ ಕೆಡೆಟ್ಸ್ ತಂಡಕ್ಕೆ 97.4, ಸ್ಟಾರ್‌ಗೆ 97.3.

ಈ ಪ್ರದರ್ಶನ ಮೊದಲ ನೋಟಕ್ಕೆ ನನಗೂ ಒಗ್ಗಲಿಲ್ಲ. ನಾಲ್ಕನೆಯ ಬಾರಿಯೋ ಐದನೆಯ ಬಾರಿಯೋ ನೋಡುವಾಗ ಮೌನದ ಗುಟ್ಟು ತಿಳಿಯಿತು. ನೂರಾರು ಅಡಿ ಚದುರಿದ ನೂರಿಪ್ಪತ್ತೆಂಟು ಜನ ಒಟ್ಟಿಗೆ ಶುರುಮಾಡುವುದು ಕಷ್ಟ. ಒಟ್ಟಿಗೆ ನಿಲ್ಲಿಸುವುದು ಅದಕ್ಕಿಂತ ಕಷ್ಟ. ಸ್ವರವೊಂದು ಎಲ್ಲೆಡೆ ಒಂದೇ ಗಳಿಗೆಯಲ್ಲಿ ಕತ್ತರಿಸಿದಂತೆ ನಿಂತು, ಬಯಲು ಕ್ರೀಡಾಂಗಣದಲ್ಲಿ ಗಾಳಿ ಮಾತ್ರ ಉಳಿದಾಗ, ಸಣ್ಣದೊಂದು ತಪ್ಪಿಗೂ ಅಡಗಿಕೊಳ್ಳಲು ಮರೆಯಿಲ್ಲ. ಸ್ಟಾರ್ ತಂಡ ಹನ್ನೊಂದು ನಿಮಿಷಗಳ ಕಾಲ ಆ ಮರೆಗಳನ್ನೆಲ್ಲ ತಾನಾಗಿಯೇ ಕಿತ್ತೆಸೆಯಿತು. ಅದೇ ಅವರ ಕೊನೆಯ ಸ್ಪರ್ಧೆ. ಆಮೇಲೆ ಅವರು ಮೈದಾನ ಬಿಟ್ಟು ರಂಗಮಂದಿರದ ಕಡೆ ತಿರುಗಿದರು. ಆ ದಾರಿಯಲ್ಲಿ ಹುಟ್ಟಿದ ‘ಬ್ಲಾಸ್ಟ್!’ ಎಂಬ ಪ್ರದರ್ಶನ 1999ರಲ್ಲಿ ಲಂಡನ್ನಿನಲ್ಲಿ ತೆರೆಕಂಡು, 2001ರಲ್ಲಿ ಬ್ರಾಡ್‌ವೇ ತಲುಪಿ ಟೋನಿ ಪ್ರಶಸ್ತಿ ಪಡೆಯಿತು. ಇಂದು ಮೈದಾನದಲ್ಲಿ ವಾದಕರು ನರ್ತಕರಂತೆ ಬಾಗಿ, ನೆಲಕ್ಕೊರಗಿ, ಎದ್ದು ನುಡಿಸುವುದನ್ನು ಕಂಡಾಗಲೆಲ್ಲ ನನಗೆ 1993 ನೆನಪಾಗುತ್ತದೆ. ಆ ವರ್ಷ ಗೆದ್ದ ಕೆಡೆಟ್ಸ್ ಕೂಡ ಶ್ರೇಷ್ಠ ತಂಡವೇ. ಹತ್ತು ಬಾರಿ ಚಾಂಪಿಯನ್ ಆಗಿ, ಹುಟ್ಟಿ ತೊಂಬತ್ತು ವರ್ಷಗಳಾದ 2024ರಲ್ಲಿ ಅದು ಕಾರ್ಯ ನಿಲ್ಲಿಸಿದ ಸುದ್ದಿ ಓದಿದ ದಿನ ನಾನು 1984ರ ಮುದ್ರಿಕೆಯನ್ನು ಮತ್ತೆ ಹಾಕಿಕೊಂಡು ಕುಳಿತಿದ್ದೆ.

2008ರ ಫ್ಯಾಂಟಮ್ ರೆಜಿಮೆಂಟ್‌ಗೆ ಮರಳುತ್ತೇನೆ. ಅವರ ವಸ್ತು ರೋಮಿನ ಗುಲಾಮರ ದಂಗೆಯ ನಾಯಕ ಸ್ಪಾರ್ಟಕಸ್; ಸಂಗೀತದಲ್ಲಿ ಅರಾಮ್ ಖಾಚಟೂರಿಯನ್ ಅವರ ಬ್ಯಾಲೆಯ ಭಾಗಗಳಿದ್ದವು. ಡ್ರಮ್ ಕೋರ್‌ನಲ್ಲಿ ಕಥೆ ಹೇಳುವುದು ಅಪಾಯದ ಕೆಲಸ, ಏಕೆಂದರೆ ನಟರ ಮುಖ ಯಾರಿಗೂ ಕಾಣದಷ್ಟು ದೂರದಲ್ಲಿ ನಾವು ಕುಳಿತಿರುತ್ತೇವೆ. ಯಕ್ಷಗಾನದ ಬಣ್ಣದ ವೇಷ ಕತ್ತಲೆಯ ಬಯಲಿನಲ್ಲಿ ಕೊನೆಯ ಸಾಲಿನವನಿಗೂ ಕಾಣಬೇಕೆಂದು ಹೇಗೆ ಹಿಗ್ಗುತ್ತದೆಯೋ ಹಾಗೆ ಇಲ್ಲಿಯೂ ಭಾವ ದೇಹದಿಂದ ಆಕೃತಿಗೆ, ಆಕೃತಿಯಿಂದ ಸದ್ದಿಗೆ ಹಿಗ್ಗಬೇಕು. ಕೊನೆಯ ಭಾಗದಲ್ಲಿ ತಂಡದ ಸದಸ್ಯರು ಒಬ್ಬರಾದ ಮೇಲೊಬ್ಬರು ‘ನಾನೇ ಸ್ಪಾರ್ಟಕಸ್’ ಎಂದು ಕೂಗತೊಡಗಿದರು. ಆ ಕೂಗು ಬೇರೆ ಬೇರೆ ಮೂಲೆಗಳಿಂದ, ಬೇರೆ ಬೇರೆ ವಿಳಂಬದಲ್ಲಿ ನಮ್ಮ ಕಿವಿಗೆ ಬಂತು. ಇಡೀ ಬೇಸಿಗೆ ತಾಲೀಮು ಮಾಡಿ ಅಳಿಸಿಹಾಕಿದ್ದ ಮೈದಾನದ ದೂರ ಆ ಒಂದು ಗಳಿಗೆಯಲ್ಲಿ ಬೇಕೆಂದೇ ಮರಳಿ ಕೇಳಿಸಿತು, ಮತ್ತು ಅದರಿಂದಲೇ ದಂಗೆ ದಂಗೆಯಾಯಿತು. ಇದು ಸಂಯೋಜಕರ ಉದ್ದೇಶವೇ ಆಗಿತ್ತೆಂದು ನಾನು ಹೇಳಲಾರೆ, ನನಗೆ ಕೇಳಿಸಿದ್ದು ಹಾಗೆ. ಎರಡನೆಯವರಾದ ಬ್ಲೂ ಡೆವಿಲ್ಸ್ ಅಂದು ಎಲ್ಲಿಯೂ ಎಡವಿದವರಲ್ಲ. ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್‌ನ ಈ ತಂಡ ಇಪ್ಪತ್ತೊಂದು ಬಾರಿ ಗೆದ್ದಿದೆ. 2014ರಲ್ಲಿ ಇಟಲಿಯ ಚಿತ್ರನಿರ್ದೇಶಕ ಫೆಡೆರಿಕೊ ಫೆಲಿನಿ ಅವರ ಲೋಕವನ್ನು ಆಧರಿಸಿದ ಪ್ರದರ್ಶನಕ್ಕೆ ಅವರು ಪಡೆದ 99.65 ಈ ಸ್ಪರ್ಧೆಯ ಇತಿಹಾಸದಲ್ಲೇ ಅತಿ ಹೆಚ್ಚಿನ ಅಂಕ.

ಆದರೂ 2014 ಎಂದೊಡನೆ ನನ್ನ ಮನಸ್ಸು ಹೋಗುವುದು ಎರಡನೆಯ ಸ್ಥಾನಕ್ಕೆ ಬಂದ ಬ್ಲೂಕೋಟ್ಸ್ ತಂಡದ ಕಡೆಗೆ. ಓಹಾಯೊ ರಾಜ್ಯದ ಕ್ಯಾಂಟನ್ ನಗರದವರು. ಧ್ವನಿವರ್ಧಕಗಳಿಗೆ 2004ರಲ್ಲಿ, ಎಲೆಕ್ಟ್ರಾನಿಕ್ ವಾದ್ಯಗಳಿಗೆ 2009ರಲ್ಲಿ ಅನುಮತಿ ಸಿಕ್ಕ ಮೇಲೆ ಹಲವು ತಂಡಗಳು ಸಿಂಥಸೈಸರಿನ ಗುಡುಗನ್ನು ಹಿತ್ತಾಳೆಯ ಕೆಳಗೆ ಹಾಸಿಗೆಯಂತೆ ಹರಡಿಕೊಂಡವು. ನನಗೆ ಅದು ಹಿಡಿಸಿರಲಿಲ್ಲ. ಜನರ ಉಸಿರಿನಿಂದ ಬರಬೇಕಾದ ತೂಕ ತಂತಿಯಿಂದ ಬಂದರೆ ಸಾಧನೆಯೇನು ಎನ್ನಿಸುತ್ತಿತ್ತು. ‘ಟಿಲ್ಟ್’ ಎಂಬ ಹೆಸರಿನ ಆ ಪ್ರದರ್ಶನದಲ್ಲಿ ಎಲ್ಲವೂ ಓರೆ: ಆಕೃತಿಗಳು, ಕಂಬಗಳು, ದೇಹಗಳು. ಒಂದು ಕಡೆ ಇಡೀ ಹಿತ್ತಾಳೆ ಮೇಳ ದೊಡ್ಡದೊಂದು ಸ್ವರಮೇಳವನ್ನು ಹಿಡಿದು ನಿಲ್ಲುತ್ತದೆ, ಆಮೇಲೆ ಎಲೆಕ್ಟ್ರಾನಿಕ್ ವಾದ್ಯಗಳ ಬೆಂಬಲದೊಂದಿಗೆ ಆ ಸ್ವರಮೇಳವೇ ಜಾರುತ್ತದೆ. ಗಮಕದಲ್ಲಿ ಬೆಳೆದ ನಮ್ಮ ಕಿವಿಗೆ ಜಾರು ಹೊಸದಲ್ಲ. ವೀಣೆಯ ತಂತಿಯನ್ನು ಒಂದು ಬೆರಳು ಜಾರಿಸುತ್ತದೆ, ಕೊರಳು ತನ್ನಷ್ಟಕ್ಕೆ ಜಾರುತ್ತದೆ. ಆದರೆ ಸ್ವರಸ್ಥಾನಗಳನ್ನು ಗುಂಡಿ ಒತ್ತಿ ಹಿಡಿಯುವ ಹತ್ತಾರು ಹಿತ್ತಾಳೆ ವಾದ್ಯಗಳು, ಬೇರೆ ಬೇರೆ ಸ್ವರಗಳಲ್ಲಿದ್ದುಕೊಂಡು, ತುಟಿಯ ಬಿಗಿತವನ್ನು ಒಂದೇ ಪ್ರಮಾಣದಲ್ಲಿ ಸಡಿಲಿಸುತ್ತಾ ಒಟ್ಟಿಗೆ ಜಾರುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನೆಲವೇ ಓರೆಯಾದಂತೆ ಕಾಲು ಬಿಗಿಹಿಡಿದು ಕುಳಿತಿದ್ದೆ. ಎಲೆಕ್ಟ್ರಾನಿಕ್ ವಾದ್ಯಗಳ ಬಗ್ಗೆ ನನ್ನ ಅಭಿಪ್ರಾಯ ಆ ಕೆಲವು ಸೆಕೆಂಡುಗಳಲ್ಲಿ ಬದಲಾಯಿತು. ಎರಡು ವರ್ಷಗಳ ನಂತರ, 2016ರಲ್ಲಿ ಆ ತಂಡ ತನ್ನ ಮೊದಲ ಚಾಂಪಿಯನ್‌ಷಿಪ್ ಗೆದ್ದಿತು.

ಹೊಸದಾಗಿ ನೋಡಲು ಹೊರಟವರು ಯಾರಾದರೂ ಕೇಳಿದರೆ ನಾನು ಕ್ರೀಡಾಂಗಣಕ್ಕಿಂತ ಮೊದಲು ಅದರ ಹೊರಗಿನ ವಾಹನ ನಿಲ್ದಾಣಕ್ಕೆ ಕರೆದೊಯ್ಯುತ್ತೇನೆ. ಪ್ರದರ್ಶನಕ್ಕೆ ಒಂದು ಗಂಟೆ ಮೊದಲು ಡ್ರಮ್ ಬಾರಿಸುವವರು ಅಲ್ಲಿ ಕಮಾನಿನಾಕಾರವಾಗಿ ನಿಂತು ಕೈ ಪಳಗಿಸಿಕೊಳ್ಳುತ್ತಾರೆ. ಯಾರು ಬೇಕಾದರೂ ಮಾರು ದೂರದಲ್ಲಿ ನಿಂತು ನೋಡಬಹುದು. ಸಾಮಾನ್ಯವಾಗಿ ಐದು ಜನ ಬಾಸ್ ಡ್ರಮ್‌ನವರಿರುತ್ತಾರೆ, ಚಿಕ್ಕದರಿಂದ ದೊಡ್ಡದಕ್ಕೆ ಐದು ಶ್ರುತಿ. ಇವರಲ್ಲಿ ಯಾರೊಬ್ಬರೂ ಪೂರ್ತಿ ಸಾಲನ್ನು ಬಾರಿಸುವುದಿಲ್ಲ. ‘ತದಿಗಿಣತೊಂ’ ಎಂಬ ಐದು ಅಕ್ಷರಗಳ ಜತಿಯನ್ನು ಐವರು ಹಂಚಿಕೊಂಡು, ‘ತ’ ಒಬ್ಬನ ಪಾಲು, ‘ದಿ’ ಮತ್ತೊಬ್ಬಳ ಪಾಲು, ‘ಗಿ’ ಇನ್ನೊಬ್ಬನದು ಎಂದು ದ್ರುತಕಾಲದಲ್ಲಿ ನುಡಿಯುವುದನ್ನು ಊಹಿಸಿಕೊಳ್ಳಿ. ನಿಮಿಷಕ್ಕೆ 160 ತಾಳದ ವೇಗದಲ್ಲಿ ಒಂದು ತಾಳಕ್ಕೆ ನಾಲ್ಕು ಪೆಟ್ಟು ಬಿದ್ದರೆ ಒಬ್ಬನ ಪೆಟ್ಟಿಗೂ ಮುಂದಿನವನ ಪೆಟ್ಟಿಗೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಕಾಲ. ಪಕ್ಕದವನನ್ನು ಕೇಳಿ ಬಾರಿಸಲು ಅಷ್ಟರಲ್ಲಿ ಸಮಯವಿಲ್ಲ. ಐವರ ಮನಸ್ಸಿನಲ್ಲೂ ಇಡೀ ಜತಿ ಓಡುತ್ತಿರಬೇಕು, ಕೈ ಮಾತ್ರ ತನ್ನ ಅಕ್ಷರಕ್ಕೆ ಏಳಬೇಕು.

ಇಂಡಿಯಾನಾಪೊಲಿಸ್‌ನ ಅಂಥ ಒಂದು ನಿಲ್ದಾಣದಲ್ಲಿ, ಕಾದ ಡಾಂಬರಿನ ಮೇಲೆ ನಿಂತು, ನಾನು ಮತ್ತು ನನ್ನ ಗೆಳೆಯ ಒಂದು ತಂಡದ ಬಾಸ್ ಸಾಲನ್ನು ಇಪ್ಪತ್ತು ನಿಮಿಷ ನೋಡಿದೆವು. ಅವರು ಒಂದೇ ಜತಿಯನ್ನು ಮತ್ತೆ ಮತ್ತೆ ಬಾರಿಸುತ್ತಿದ್ದರು. ಮೊದಲು ಅದರಲ್ಲಿ ಐದು ಜನ ಕೇಳಿಸುತ್ತಿದ್ದರು. ಮೂರನೆಯವನದು ಕೂದಲೆಳೆಯಷ್ಟು ತಡ. ಶಿಕ್ಷಕಿ ಏನೂ ಹೇಳದೆ ತನ್ನ ಕೈಯಲ್ಲಿದ್ದ ಮರದ ತುಂಡನ್ನು ಕೋಲಿನಿಂದ ತಟ್ಟುತ್ತಾ ಮತ್ತೆ ಶುರುಮಾಡಿಸಿದಳು. ಮತ್ತೆ. ಮತ್ತೆ. ಎಷ್ಟನೆಯ ಸುತ್ತಿಗೋ ಸದ್ದು ಒಮ್ಮೆಲೇ ಒಂದೇ ಕೈಯಿಂದ ಬಂದಂತೆ ಉರುಳಿತು, ಮೇಲಿನ ಶ್ರುತಿಯಿಂದ ಕೆಳಗಿನ ಶ್ರುತಿಗೆ, ಬೆಣಚುಕಲ್ಲು ಮೆಟ್ಟಿಲಿಳಿದಂತೆ. ಗೆಳೆಯ ನನ್ನ ಮೊಣಕೈ ಹಿಡಿದ. ಐವರ ಮುಖದಲ್ಲೂ ಏನೂ ಬದಲಾಗಲಿಲ್ಲ. ಶಿಕ್ಷಕಿ ಮರದ ತುಂಡನ್ನು ಚೀಲಕ್ಕೆ ಹಾಕಿ ತಲೆಯಾಡಿಸಿದಳು, ಅವರು ಬೆಲ್ಟುಗಳನ್ನು ಬಿಗಿಮಾಡಿಕೊಂಡು ಒಬ್ಬರ ಹಿಂದೊಬ್ಬರಾಗಿ ಕ್ರೀಡಾಂಗಣದ ಬಾಗಿಲಿನತ್ತ ನಡೆದರು.